ಹೊಸ ಏಕಾಂಕಗಳ ಉತ್ಸವ ಮಾಡುವವರಿಗೆ: ಹಾಲ್ ಬುಕ್ ಮಾಡುವ ಮೊದಲು ಇಷ್ಟು ಓದಿ

ಪ್ರತಿ ಮಳೆಗಾಲದಲ್ಲೂ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. ಒಮ್ಮೆ ಬದಿಯಡ್ಕದಿಂದ, ಒಮ್ಮೆ ಪೆರ್ಲದಿಂದ, ಇನ್ನೊಮ್ಮೆ ಉಪ್ಪಳದಿಂದ. "ನಮ್ಮ ಕ್ಲಬ್ಬಿಗೆ ಈ ಸಲ ಇಪ್ಪತ್ತೈದು ವರ್ಷ. ರಸಮಂಜರಿ ಬೇಡ, ಹೊಸ ಏಕಾಂಕ ನಾಟಕಗಳ ಉತ್ಸವ ಮಾಡೋಣ ಅಂತ. ಹಾಲ್ ಬುಕ್ ಆಗಿದೆ. ಉದ್ಘಾಟನೆಗೆ ಯಾರನ್ನು ಕರೆಯಬಹುದು?" ನಾಟಕ ಯಾವುದು ಅಂತ ಕೇಳಿದರೆ, "ಅದನ್ನು ಇನ್ನು ನೋಡಬೇಕಷ್ಟೆ" ಅನ್ನುತ್ತಾರೆ.

ಹಾಲ್ ಮೊದಲು, ಅತಿಥಿ ಆಮೇಲೆ, ನಾಟಕ ಕೊನೆಗೆ. ಕಾಸರಗೋಡಿನ ಎಷ್ಟೋ ನಾಟಕೋತ್ಸವ ಸೊರಗುವುದು ಇಲ್ಲೇ. ಹಳೆಯ ನಾಟಕವಾದರೆ ಹೇಗೋ ನಡೆಯುತ್ತದೆ, ಅದು ನಾಲ್ಕು ಕಡೆ ಆಡಿ ಪಳಗಿರುತ್ತದೆ. ಹೊಸ ನಾಟಕ ಹಾಗಲ್ಲ. ಅದು ಇನ್ನೂ ಹಸಿ. ಅದಕ್ಕೆ ಸಮಯ ಕೊಡಬೇಕು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸ್ಕ್ರಿಪ್ಟಿನ ಮಾತೇ ಜಾಸ್ತಿ, ಶಾಮಿಯಾನದ ಮಾತು ಕಡಿಮೆ.

ಏಕಾಂಕ ಅಂದರೆ ಒಂದೇ ಅಂಕದಲ್ಲಿ ಮುಗಿಯುವ ನಾಟಕ. ಸಾಮಾನ್ಯವಾಗಿ 20ರಿಂದ 40 ನಿಮಿಷ, ನಾಲ್ಕಾರು ಪಾತ್ರ, ಹೆಚ್ಚಾಗಿ ಒಂದೇ ಜಾಗ. "ಹೊಸದು" ಅಂದರೆ ಎಲ್ಲೂ ಆಡಿರದ, ಅಚ್ಚಾಗಿರದ ನಾಟಕ ಅಂತ ಇಟ್ಟುಕೊಳ್ಳಿ.

ನಿಮಗೆ ಬೇಕಾದ್ದು ಇಷ್ಟು: ಆರು ತಿಂಗಳು, ಬಿಟ್ಟುಹೋಗದ ಐದು ಜನ, ಎರಡು ಸಂಜೆಗೆ ಒಂದು ಹಾಲ್. ದುಡ್ಡಿನ ಮಾತು ಮುಂದೆ ಬರುತ್ತದೆ.

ಹಂತ 1: ದಿನ ಹುಡುಕಿ

ನಮ್ಮ ಕಡೆ ಖಾಲಿ ಸಂಜೆ ಸಿಗುವುದೇ ಕಷ್ಟ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ಹೊರಡುತ್ತವೆ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಆಟ (ಯಕ್ಷಗಾನ ಪ್ರದರ್ಶನಕ್ಕೆ ನಾವು ಹೇಳುವುದು ಹಾಗೆ), ಕೋಲ, ತೆಯ್ಯಂ, ಜಾತ್ರೆ ಒಂದರ ಹಿಂದೆ ಒಂದು. ಏಪ್ರಿಲ್, ಮೇಯಲ್ಲಿ ಹಾಲ್‌ಗಳೆಲ್ಲ ಮದುವೆಗೆ ಹೋಗುತ್ತವೆ. ಪತ್ತನಾಜೆ ಕಳೆದರೆ ಮಳೆ. ಅಕ್ಟೋಬರಿನಲ್ಲಿ ತುಲಾವರ್ಷದ, ಅಂದರೆ ಹಿಂಗಾರು ಮಳೆಯ, ಗುಡುಗು ಸಂಜೆಯ ಹೊತ್ತಿಗೇ ಶುರುವಾಗುತ್ತದೆ, ಕರೆಂಟ್ ಹೋಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಶಾಲಾ ಕಲೋತ್ಸವ ಬೇರೆ. ಮಾಷ್ಟ್ರುಗಳು, ಟೀಚರುಗಳು ನಿಮ್ಮ ಕೈಗೆ ಸಿಗುವುದಿಲ್ಲ.

ನನ್ನ ಆಯ್ಕೆ ಕ್ರಿಸ್‌ಮಸ್ ರಜೆ. ಮಳೆ ಇಲ್ಲ, ಮಕ್ಕಳಿಗೆ ಪರೀಕ್ಷೆ ಮುಗಿದಿರುತ್ತದೆ, ಮಂಗಳೂರು, ಬೆಂಗಳೂರಿನಲ್ಲಿ ಇರುವವರು ಊರಿಗೆ ಬಂದಿರುತ್ತಾರೆ. ಒಂದೇ ಎಚ್ಚರಿಕೆ. ಸುತ್ತಮುತ್ತ ಐದಾರು ಕಿಲೋಮೀಟರಿನಲ್ಲಿ ಆ ರಾತ್ರಿ ಯಾವುದಾದರೂ ಮೇಳದ ಆಟ ಇದೆಯಾ ಅಂತ ಮೊದಲೇ ವಿಚಾರಿಸಿ. ಆಟ ಇದ್ದ ದಿನ ನಾಟಕಕ್ಕೆ ಜನ ಬರುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಂಡು ಪ್ರಯೋಜನವೂ ಇಲ್ಲ, ಬಿಟ್ಟರೆ ನಾನೂ ಆಟಕ್ಕೇ ಹೋಗುವವನು.

ಮಳೆಗಾಲದಲ್ಲೇ ಮಾಡುತ್ತೇವೆ ಅಂತ ಹಟ ಇದ್ದರೆ ಕಾಂಕ್ರೀಟ್ ಮಾಡಿನ (ಛಾವಣಿಯ) ಹಾಲ್ ಮಾತ್ರ ಹಿಡಿಯಿರಿ. ಶೀಟ್ ಮಾಡಿನ ಕೆಳಗೆ ಜುಲೈ ಮಳೆ ಬಿದ್ದರೆ ಪಕ್ಕದವರು ಕಿವಿಯಲ್ಲಿ ಹೇಳಿದ್ದೂ ಕೇಳುವುದಿಲ್ಲ. ಇನ್ನು ಸ್ಟೇಜಿನ ಮಾತು ಎಲ್ಲಿ ಕೇಳಬೇಕು?

ಹಂತ 2: ಜೂನಿನಲ್ಲಿ ಸ್ಕ್ರಿಪ್ಟ್ ಕೇಳಿ

ಡಿಸೆಂಬರಿಗೆ ಉತ್ಸವ ಅಂದರೆ ಜೂನ್ ಮೊದಲ ವಾರ ಪ್ರಕಟಣೆ, ಜುಲೈ 31 ಕೊನೆಯ ದಿನ. ಮಳೆ ಹಿಡಿದು ಕೂತ ಎರಡು ತಿಂಗಳು ಬರೆಯುವವರಿಗೆ ಒಳ್ಳೆಯ ಕಾಲ.

ಪ್ರಕಟಣೆಯಲ್ಲಿ ಈ ವಿಷಯಗಳು ಸ್ಪಷ್ಟವಾಗಿರಲಿ: ಗರಿಷ್ಠ 35 ನಿಮಿಷ, ಆರಕ್ಕಿಂತ ಹೆಚ್ಚು ಪಾತ್ರ ಬೇಡ, ಒಂದೇ ಸೆಟ್, ಬೇರೆ ಕಡೆ ಆಡಿರಬಾರದು. ಬರೆದವರ ಹೆಸರು ಬೇರೆ ಹಾಳೆಯಲ್ಲಿ ಇರಲಿ. ನೀವು ಪ್ರತಿಗಳಿಗೆ ನಂಬರ್ ಹಾಕಿ ಓದುವವರಿಗೆ ಕೊಡಿ. ಊರು ಚಿಕ್ಕದು, ಹೆಸರು ಕಂಡರೆ ದಾಕ್ಷಿಣ್ಯ ಬರುತ್ತದೆ.

ಭಾಷೆಯ ಬಗ್ಗೆ ಒಂದು ಸಾಲು ಖಂಡಿತ ಸೇರಿಸಿ: "ಕನ್ನಡ ನಾಟಕ, ಪಾತ್ರಕ್ಕೆ ತಕ್ಕಂತೆ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಬರಬಹುದು." ಇದನ್ನು ಬರೆಯದಿದ್ದರೆ ಎಲ್ಲರೂ ಪುಸ್ತಕದ ಕನ್ನಡದಲ್ಲೇ ಬರೆದು ಕಳಿಸುತ್ತಾರೆ. ನೀರ್ಚಾಲಿನ ಹವ್ಯಕರ ಮನೆಯ ಅಜ್ಜಿ "ಮಗನೇ, ನೀನು ಎಲ್ಲಿಗೆ ಹೋಗುತ್ತಿರುವೆ?" ಅಂತ ಕೇಳುವುದಿಲ್ಲ, "ಎಲ್ಲಿಗೆ ಹೋಪದು ಮಗಾ?" ಅನ್ನುತ್ತಾರೆ. ಪಕ್ಕದ ಮನೆಯವರು ತುಳುವಿನಲ್ಲಿ "ಓಡೆ ಪೋಪುನಿ?" ಅನ್ನುತ್ತಾರೆ. ಬಸ್ಸಿನ ಕಂಡಕ್ಟರ್ ಮಲಯಾಳದಲ್ಲಿ ಕೇಳುತ್ತಾನೆ. ನಮ್ಮ ಒಂದು ದಿನ ನಡೆಯುವುದೇ ಹೀಗೆ. ಇಲ್ಲಿನ ಹೊಸ ನಾಟಕದಲ್ಲಿ ಅದು ಕೇಳಿಸದಿದ್ದರೆ ಬೇರೆಲ್ಲಿ ಕೇಳಿಸೀತು?

ಮತ್ತೊಂದು ಪುಟ್ಟ ತೊಂದರೆ, ಪ್ರತಿ ಸಲ ಕಾಡುವಂಥದ್ದು. ಕೆಲವರು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಮೊಬೈಲಿನಲ್ಲಿ ತೆರೆದರೆ ಬರೀ ಚಿತ್ತಾರ ಕಾಣುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಅಥವಾ ಪಿಡಿಎಫ್ ಕಳಿಸಿ ಅಂತ ಮೊದಲೇ ಹೇಳಿಬಿಡಿ. ಕೈಬರಹವನ್ನೂ ತೆಗೆದುಕೊಳ್ಳಿ. ಒಳ್ಳೆಯ ನಾಟಕ ಬರೆದ ಹಿರಿಯರಿಗೆ ಟೈಪಿಂಗ್ ಬರಬೇಕು ಅಂತೇನೂ ಇಲ್ಲ.

ಹಂತ 3: ಗಟ್ಟಿಯಾಗಿ ಓದಿ, ಮತ್ತೆ ಬರೆಸಿ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ನೀವು ಹೋಗಬೇಡಿ.

ಓದಲು ಮೂರು ಜನ ಸಾಕು. ನಾಟಕ ಆಡಿಸಿದ ಅನುಭವ ಇರುವವರು ಒಬ್ಬರು, ಬರೆಯುವವರು ಒಬ್ಬರು, ಇವೆರಡೂ ಅಲ್ಲದ ಸಾಮಾನ್ಯ ಪ್ರೇಕ್ಷಕರು ಒಬ್ಬರು. ಮೂರನೆಯವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೊದಲ ಸುತ್ತಿನಲ್ಲಿ ಬೇಕಾದ್ದಕ್ಕಿಂತ ಮೂರ್ನಾಲ್ಕು ಜಾಸ್ತಿ ಸ್ಕ್ರಿಪ್ಟ್ ಆರಿಸಿಕೊಳ್ಳಿ. ಎಂಟು ಬೇಕಿದ್ದರೆ ಹನ್ನೊಂದು.

ಆಮೇಲೆ ಆಗಸ್ಟಿನ ಒಂದು ಭಾನುವಾರ ಎಲ್ಲರನ್ನೂ ಕೂರಿಸಿ. ಊರಿನ ಗ್ರಂಥಾಲಯದ ಕೋಣೆ ಇದಕ್ಕೆ ಚೆನ್ನಾಗಿರುತ್ತದೆ. ಬರೆದವರು ಓದಬಾರದು, ಬೇರೆಯವರು ಪಾತ್ರ ಹಂಚಿಕೊಂಡು ಓದಬೇಕು. ಬರೆದವರು ಓದಿದರೆ ಕಾಗದದಲ್ಲಿ ಇಲ್ಲದ್ದನ್ನೂ ದನಿಯಲ್ಲಿ ಸೇರಿಸಿಬಿಡುತ್ತಾರೆ. ಒಬ್ಬರು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರಲಿ. ಓದಿಗೆ 30 ನಿಮಿಷ ಹಿಡಿದರೆ ಸ್ಟೇಜಿನಲ್ಲಿ 40 ಆಗುತ್ತದೆ ಅಂತ ಲೆಕ್ಕ ಹಾಕಿ. ನಡೆದಾಡುವುದು, ಮೌನ, ಜನ ನಗುವುದು ಎಲ್ಲ ಸೇರುತ್ತದಲ್ವಾ?

ಓದುವಾಗ ಪೆನ್ಸಿಲಿನಿಂದ ಮೂರು ಗುರುತು ಮಾತ್ರ ಹಾಕಿ. ಕೇಳುವವರು ಮೊಬೈಲ್ ತೆಗೆದ ಜಾಗ ಒಂದು. ಓದುವವರ ನಾಲಗೆ ತಡವರಿಸಿದ ಜಾಗ ಇನ್ನೊಂದು. ಯಾರೋ "ಹ್ಞಾಂ!" ಅಂದ ಜಾಗ ಮೂರನೆಯದು. ಮೊದಲನೆಯದನ್ನು ಕತ್ತರಿಸಬೇಕು, ಎರಡನೆಯದನ್ನು ಬಾಯಿಗೆ ಬರುವ ಮಾತಿನಲ್ಲಿ ತಿದ್ದಬೇಕು, ಮೂರನೆಯದನ್ನು ಮುಟ್ಟಬಾರದು.

ಹೊಸಬರ ಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳು ಕೆಲವೇ. ಮೊದಲ ಐದು ನಿಮಿಷ ಇಬ್ಬರು ನಿಂತುಕೊಂಡು ತಮಗೆ ಗೊತ್ತಿರುವ ವಿಷಯವನ್ನೇ ಪರಸ್ಪರ ಹೇಳಿಕೊಳ್ಳುವುದು ("ನಿನಗೆ ಗೊತ್ತಲ್ಲ ಅಣ್ಣಾ, ಅಪ್ಪ ತೀರಿಕೊಂಡು ಮೂರು ವರ್ಷವಾಯಿತು"). ನಿಮಿಷಕ್ಕೊಂದು ದೃಶ್ಯ ಬದಲಾವಣೆ, ಟಿವಿ ಧಾರಾವಾಹಿಯ ಹಾಗೆ. ಕೊನೆಗೆ ಒಬ್ಬ ಮಾಷ್ಟ್ರು ಬಂದು ಎಲ್ಲರಿಗೂ ಬುದ್ಧಿ ಹೇಳುವುದು. ಈ ಮಾಷ್ಟ್ರ ಪಾತ್ರವನ್ನು ತೆಗೆಯಿರಿ ಅಂದರೆ ಬರೆದವರು ಸುಲಭಕ್ಕೆ ಒಪ್ಪುವುದಿಲ್ಲ. ಆ ಪಾತ್ರ ಇಲ್ಲದೆ ಒಮ್ಮೆ ಓದಿಸಿ ತೋರಿಸಿ, ಮಾತಾಡುವುದಕ್ಕಿಂತ ಅದು ಸುಲಭ.

ಸೆಪ್ಟೆಂಬರ್ ಕೊನೆಗೆ ಎರಡನೇ ಕರಡು ಬರಲಿ. ಅದನ್ನು ನೋಡಿಯೇ ಎಂಟನ್ನು ಅಂತಿಮ ಮಾಡಿ.

ಹಂತ 4: ತಂಡ ಮತ್ತು ಒಪ್ಪಿಗೆ ಪತ್ರ

ಸ್ಕ್ರಿಪ್ಟಿಗೆ ತಕ್ಕ ತಂಡ ಹುಡುಕಿ. ಹೆಂಗಸರದ್ದೇ ಮೂರು ಪಾತ್ರ ಇರುವ ನಾಟಕವನ್ನು ಬರೀ ಗಂಡಸರೇ ಇರುವ ಕ್ಲಬ್ಬಿಗೆ ಕೊಟ್ಟರೆ ಸ್ಕ್ರಿಪ್ಟ್ ಕುಲಗೆಡುತ್ತದೆ.

ನಾಟಕ ಬರೆದವರು, ನಿರ್ದೇಶಕರು, ನೀವು, ಮೂವರ ಸಹಿ ಇರುವ ಒಂದು ಪುಟದ ಪತ್ರ ಮಾಡಿಕೊಳ್ಳಿ. ಹಕ್ಕು ಬರೆದವರದ್ದೇ. ಈ ಉತ್ಸವದಲ್ಲಿ ಒಂದು ಪ್ರದರ್ಶನಕ್ಕೆ ಒಪ್ಪಿಗೆ. ಮಾತು ಕತ್ತರಿಸಬೇಕಾದರೆ ಬರೆದವರನ್ನು ಕೇಳಬೇಕು. ವಿಡಿಯೋ ಯೂಟ್ಯೂಬಿಗೆ ಹಾಕಬಹುದೇ, ಬೇಡವೇ. ಈ ನಾಲ್ಕು ಸಾಲು ಸಾಕು. "ನಮ್ಮೊಳಗೆ ಇದೆಲ್ಲ ಯಾಕೆ" ಅನ್ನುವವರು ಇದ್ದೇ ಇರುತ್ತಾರೆ. ಜಗಳ ಆಗುವುದೂ ನಮ್ಮೊಳಗೇ, ಅದಕ್ಕೆ.

ಕತೆಯೊಂದನ್ನು ನಾಟಕ ಮಾಡಿದ್ದರೆ ಅಥವಾ ಯಾರದೋ ಪದ್ಯ ಬಳಸಿದ್ದರೆ ಹಕ್ಕುಸ್ವಾಮ್ಯ ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ನಮ್ಮವರದ್ದೇ ಉದಾಹರಣೆ ಕೊಡುತ್ತೇನೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳ ಹಕ್ಕಿನ ಅವಧಿ 2023ರ ಕೊನೆಗೆ ಮುಗಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಪದ್ಯಕ್ಕೆ ಮನೆಯವರ ಅನುಮತಿ ಬೇಕು. ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ಆಡುವ ಪ್ರದರ್ಶನಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇದೆ ನಿಜ. ಆದರೂ ಒಂದು ಮಾತು ಕೇಳುವುದು ಮರ್ಯಾದೆ.

ಹಂತ 5: ಕಾಗದಪತ್ರ ಮತ್ತು ದುಡ್ಡು

ಮೈಕಿಗೆ ಪೊಲೀಸರ ಲಿಖಿತ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಮೂರು ಕೆಲಸದ ದಿನ ಮೊದಲೇ ಪಂಚಾಯತಿಗೆ ತಿಳಿಸಿ, ಕಸದ ವ್ಯವಸ್ಥೆ ಹೇಳಬೇಕು. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಹತ್ತಿರ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಫ್ಲೆಕ್ಸ್ ಬೇಡ, ಬಟ್ಟೆ ಬ್ಯಾನರ್ ಬರೆಸಿ. ಊಟಕ್ಕೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದವರಿಗೆ ಹೇಳಿದರೆ ಸ್ಟೀಲ್ ತಟ್ಟೆ, ಲೋಟ ಸಮೇತ ಬರುತ್ತಾರೆ.

ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ರಾಜ್ಯಭಾಷಾ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ನಾನು ಕನ್ನಡದ್ದನ್ನೇ ಮೇಲಿಟ್ಟು, ಕೆಳಗೆ ಮಲಯಾಳದ ಒಂದು ಪ್ರತಿ ಪಿನ್ ಮಾಡಿ ಕೊಡುತ್ತೇನೆ. ಹಕ್ಕೂ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ.

ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಸಹಾಯಧನಕ್ಕೆ ಬರೆಯಬಹುದು. ನಿಮ್ಮ ಸಂಘ ನೋಂದಣಿ ಆಗಿರಬೇಕು, ಲೆಕ್ಕಪತ್ರ ಸರಿ ಇರಬೇಕು. ಆದರೆ ಆ ದುಡ್ಡನ್ನು ನಂಬಿ ಲೈಟಿನವರಿಗೆ ಮಾತು ಕೊಡಬೇಡಿ. ಬಂದರೆ ಬಂತು.

ಹಂಚಿಕೆ ಹೇಗೆ ಅಂತ ಕೇಳಿದರೆ, ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ನಾಲ್ಕು ತಂಡಗಳಿಗೆ, ಮೂರು ಲೈಟು ಮತ್ತು ಮೈಕಿಗೆ, ಒಂದು ಬರೆದವರಿಗೆ, ಒಂದು ಊಟಕ್ಕೆ, ಉಳಿದ ಒಂದರಲ್ಲಿ ಬಾಕಿ ಎಲ್ಲ. ಶಾಲು, ಸ್ಮರಣಿಕೆ ಆ ಕೊನೆಯ ಒಂದು ರೂಪಾಯಿಯಲ್ಲೇ ಬರಬೇಕು.

ಹಂತ 6: ತಾಲೀಮು

ಅಕ್ಟೋಬರಿನಿಂದ ಡಿಸೆಂಬರ್, ಪ್ರತಿ ತಂಡಕ್ಕೂ ಕಡಿಮೆ ಎಂದರೆ ಇಪ್ಪತ್ತು ತಾಲೀಮು. ರಾತ್ರಿ ಎಂಟಕ್ಕೆ ಶುರು ಮಾಡುವ ಅಭ್ಯಾಸ ಬಿಡಿ. ಒಳನಾಡಿಗೆ ಆ ಹೊತ್ತಿಗೆ ಬಸ್ಸಿಲ್ಲ. ಹೆಂಗಸರು, ಕಾಲೇಜು ಹುಡುಗಿಯರು ಎರಡು ದಿನ ಬರುತ್ತಾರೆ, ಮೂರನೇ ದಿನ ಮನೆಯಲ್ಲಿ ಬೇಡ ಅನ್ನುತ್ತಾರೆ. ಆಮೇಲೆ ನಾವು "ನಮ್ಮಲ್ಲಿ ನಟಿಯರಿಲ್ಲ" ಅಂತ ಹೇಳಿಕೊಂಡು ತಿರುಗುತ್ತೇವೆ. ಭಾನುವಾರ, ಎರಡನೇ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಹೆಡ್‌ಮಾಷ್ಟ್ರನ್ನು ಕೇಳಿದರೆ ಶಾಲೆಯ ಒಂದು ಕೋಣೆ ಸಿಗುತ್ತದೆ.

ಮುಖ್ಯ ಪಾತ್ರಗಳಿಗೆ ಬದಲಿ ನಟರು ಇರಲಿ. ಕಾಸರಗೋಡಿನಲ್ಲಿ ಇದು ಬೇರೆ ಊರಿಗಿಂತ ಹೆಚ್ಚು ಮುಖ್ಯ. ನವೆಂಬರಿನಲ್ಲಿ ನಾಯಕನಿಗೆ ಗಲ್ಫಿನ ವೀಸಾ ಬಂದರೆ ನೀವು ತಡೆಯಲಾದೀತೇ?

ನಮ್ಮ ನಟರ ಬಗ್ಗೆ ಇನ್ನೊಂದು ಮಾತು. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದವರು ನಾವು. ದನಿ ಇದೆ, ನೆನಪಿದೆ, ಮಾತಿಗೆ ಬರವಿಲ್ಲ. ಅದೇ ಕಷ್ಟ. ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತಾಡುವ ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿಸಿ ಮಾತಾಡುತ್ತಾನೆ, ಎದುರಾಳಿಯೂ ಬೆಳೆಸುತ್ತಾನೆ. ಏಕಾಂಕದಲ್ಲಿ "ಬಾಗಿಲು ಹಾಕು" ಅಂತ ಎರಡೇ ಶಬ್ದ ಇದ್ದರೆ ಅಷ್ಟೇ ಹೇಳಬೇಕು. ನಮ್ಮವರು "ಬಾಗಿಲು ಹಾಕು... ಹಾಕು ಅಂದೆ... ಈ ಮನೆಯ ಬಾಗಿಲು ಇವತ್ತು ನಿನ್ನೆಯದಲ್ಲ..." ಅಂತ ಹೊರಟೇಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ, 30 ನಿಮಿಷದ ನಾಟಕ 50 ಆಗುತ್ತದೆ. ಪಕ್ಕದಲ್ಲಿ ಕ್ಯೂಗಾಗಿ ಕಾಯುವವನು, ಅಂದರೆ ಎದುರಿನವರ ಯಾವ ಮಾತಿಗೆ ತಾನು ಹೊರಡಬೇಕು ಅಂತ ಗುರುತಿಟ್ಟುಕೊಂಡವನು, ಆ ಮಾತು ಬಾರದೆ ಕಂಗಾಲಾಗುತ್ತಾನೆ. ಹತ್ತನೇ ತಾಲೀಮಿನ ನಂತರ ಒಬ್ಬರು ಸ್ಕ್ರಿಪ್ಟ್ ಹಿಡಿದು ಕೂತು, ಸೇರಿಸಿದ ಪ್ರತಿ ಶಬ್ದಕ್ಕೂ ಬೆಂಚು ತಟ್ಟಲಿ. ಎರಡು ದಿನಕ್ಕೆ ಸರಿಯಾಗುತ್ತದೆ.

ಹಂತ 7: ಹಾಲ್, ಲೈಟು, ಮೈಕು

ಸ್ಟೇಜ್ ಸುಮಾರು 24 ಅಡಿ ಅಗಲ, 18 ಅಡಿ ಆಳ ಇದ್ದರೆ ಆರಾಮ. ಎರಡೂ ಬದಿಗೆ ವಿಂಗ್ಸ್, ಅಂದರೆ ನಟರು ಮರೆಯಾಗಿ ನಿಲ್ಲುವ ಪರದೆ ಬೇಕು. ಚೌಕಿಯಿಂದ, ಅಂದರೆ ಬಣ್ಣ ಹಚ್ಚುವ ಕೋಣೆಯಿಂದ, ಪ್ರೇಕ್ಷಕರ ಕಣ್ಣಿಗೆ ಬೀಳದೆ ಸ್ಟೇಜಿಗೆ ಬರಲು ದಾರಿ ಇದೆಯಾ ನೋಡಿ. ತುಂಬಾ ಹಾಲ್‌ಗಳಲ್ಲಿ ಇರುವುದಿಲ್ಲ. ಅವು ಕಟ್ಟಿದ್ದೇ ಮದುವೆಗೆ.

ಕರೆಂಟಿನ ಲೆಕ್ಕ ತಪ್ಪದೆ ಹಾಕಿ. 1000 ವಾಟಿನ ಒಂದು ಹ್ಯಾಲೋಜನ್ ದೀಪ 4.3 ಆಂಪ್ ಎಳೆಯುತ್ತದೆ. ಗೋಡೆಯ 16 ಆಂಪ್ ಪ್ಲಗ್ಗಿಗೆ ಮೂರು ದೀಪಕ್ಕಿಂತ ಹೆಚ್ಚು ಹಾಕಬಾರದು. ಒಮ್ಮೆ ಒಂದು ಶಾಲೆಯ ಹಾಲಿನಲ್ಲಿ ನಾವು ಐದು ಹಾಕಿದ್ದೆವು. ನಾಟಕದ ನಡುವೆ ಅಪ್ಪನ ಪಾತ್ರ ಎದೆ ಹಿಡಿದುಕೊಂಡು ಬಿತ್ತು, ಅದೇ ಹೊತ್ತಿಗೆ ಫ್ಯೂಸ್ ಹೋಯಿತು. ಜನ ನಾಟಕ ಮುಗಿಯಿತು ಅಂತ ಎದ್ದು ಚಪ್ಪಾಳೆ ತಟ್ಟಿದರು. ಇನ್ನೂ ಹದಿನೈದು ನಿಮಿಷ ಬಾಕಿ ಇತ್ತು. ಕತ್ತಲಲ್ಲಿ ಸತ್ತವನು "ಏಳಲಾ?" ಅಂತ ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಈಗ ಎಲ್‌ಇಡಿ ಪಾರ್ ದೀಪಗಳು ಬಾಡಿಗೆಗೆ ಸಿಗುತ್ತವೆ, ಕರೆಂಟ್ ತೀರಾ ಕಡಿಮೆ. ಆದರೆ ಲೈಟಿನವರು ರಸಮಂಜರಿಯ ಅಭ್ಯಾಸದಲ್ಲಿ ಕೆಂಪು, ನೀಲಿ, ಹಸಿರು ಹಾಕಿ ಕುಣಿಸುತ್ತಾರೆ. ಮುಖಕ್ಕೆ ಬೆಚ್ಚನೆ ಬಿಳಿ ಬೆಳಕು ಬೇಕು ಅಂತ ಮೊದಲೇ ಹೇಳಿ. ಲೈಟಿಗೂ ಮೈಕಿಗೂ ಬೇರೆ ಬೇರೆ ಲೈನ್ ಇರಲಿ, ಇಲ್ಲದಿದ್ದರೆ ಡಿಮ್ಮರ್ ಏರಿಸಿದಾಗೆಲ್ಲ ಸ್ಪೀಕರ್ ಗುಂಯ್ ಅನ್ನುತ್ತದೆ. ಡಿಮ್ಮರ್ ಅಂದರೆ ಬೆಳಕನ್ನು ಮೆಲ್ಲನೆ ಏರಿಸಿ ಇಳಿಸುವ ಪೆಟ್ಟಿಗೆ. ಜನರೇಟರ್ ಹಾಲಿನ ಹಿಂದೆ, ದೂರದಲ್ಲಿ.

ಉತ್ಸವದ ಹಿಂದಿನ ದಿನ ಪೂರ್ತಿ ಟೆಕ್ ರಿಹರ್ಸಲಿಗೆ ಬಿಡಿ. ಅಂದರೆ ನಟನೆ ಬದಿಗಿಟ್ಟು, ಲೈಟು, ಶಬ್ದ, ಸಾಮಾನು ಬದಲಾವಣೆಯನ್ನಷ್ಟೇ ಕೂಡಿಸಿ ನೋಡುವುದು. ಪ್ರತಿ ತಂಡಕ್ಕೆ ಒಂದು ಗಂಟೆ. ಎಲ್ಲ ನಾಟಕಕ್ಕೂ ಒಂದೇ ಸಾಮಾನ್ಯ ಲೈಟ್ ಜೋಡಣೆ. ಒಂದು ತಂಡಕ್ಕೆ ದೀಪ ಸರಿಸಲು ಬಿಟ್ಟರೆ ಎಂಟೂ ತಂಡ ಸರಿಸುತ್ತವೆ.

ಹಂತ 8: ಆ ಎರಡು ಸಂಜೆ

ದಿನಕ್ಕೆ ನಾಲ್ಕು ನಾಟಕ. ತಲಾ 35 ನಿಮಿಷ ಅಂದರೆ 140. ನಡುವೆ ಮೂರು ಸಲ ಸೆಟ್ ಬದಲಿಸಲು ತಲಾ 12, ಅದು 36. ಒಟ್ಟು ಮೂರು ಗಂಟೆಗೆ ನಾಲ್ಕು ನಿಮಿಷ ಕಡಿಮೆ. ಆರೂವರೆಗೆ ಮೊದಲ ಪರದೆ ಎದ್ದರೆ ಒಂಬತ್ತೂವರೆಗೆ ಮುಗಿಯುತ್ತದೆ, ಬೈಕಿನವರೂ ನೆಮ್ಮದಿಯಲ್ಲಿ ಮನೆ ಸೇರುತ್ತಾರೆ.

ಈ ಲೆಕ್ಕದಲ್ಲಿ ಸಭಾ ಕಾರ್ಯಕ್ರಮ ಇಲ್ಲ, ನೋಡಿದಿರಾ? ಅದನ್ನು ಆರು ಗಂಟೆಗೆ ಇಡಿ, ಇಪ್ಪತ್ತು ನಿಮಿಷ, ಇಬ್ಬರೇ ಮಾತಾಡಲಿ. ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ ಹಾಕಿದರೆ ಹದಿನಾಲ್ಕು ಜನಕ್ಕೂ ಮೈಕ್ ಕೊಡಬೇಕಾಗುತ್ತದೆ. ಕುರ್ಚಿಯೇ ನಾಲ್ಕು ಹಾಕಿ.

ಪ್ರತಿ ನಾಟಕದ ಮುಂಚೆ ಎರಡು ಸಾಲಿನ ಪರಿಚಯವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಹೇಳಿಸಿ. ಪೋಸ್ಟರಿನಲ್ಲೂ ಎರಡೂ ಲಿಪಿ ಇರಲಿ. ಪಕ್ಕದ ಮನೆಯ ಮಲಯಾಳಿ ಕುಟುಂಬ ಖುಷಿಯಿಂದ ಬಂದು ಕೂರುತ್ತದೆ.

ಸ್ಪರ್ಧೆ ಇಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಬೇಡ. ಬಹುಮಾನ ಇಟ್ಟರೆ ತಂಡಗಳು ಹೊಸದನ್ನು ಬಿಟ್ಟು ಗೆಲ್ಲುವುದನ್ನು ಮಾಡುತ್ತವೆ, ಫಲಿತಾಂಶದ ರಾತ್ರಿ ಎರಡು ಕ್ಲಬ್ಬಿನವರು ಮಾತು ಬಿಡುತ್ತಾರೆ. ಅದರ ಬದಲು ಮರುದಿನ ಬೆಳಿಗ್ಗೆ ಹತ್ತಕ್ಕೆ ಚಹಾ ಕುಡಿಯುತ್ತಾ ಮಾತುಕತೆ ಇಡಿ. ಪ್ರತಿ ನಾಟಕಕ್ಕೆ ಇಪ್ಪತ್ತು ನಿಮಿಷ. ಮೊದಲು ಪ್ರೇಕ್ಷಕರು, ಆಮೇಲೆ ತಂಡ, ಕೊನೆಗೆ ಬರೆದವರು.

ಇನ್ನು ಹರ್ತಾಳ. ದಿಢೀರ್ ಅಂತ ಕರೆ ಬಂದರೆ ಎಲ್ಲ ತಲೆಕೆಳಗು. ಹಾಲಿನವರ ಹತ್ತಿರ ಬುಕ್ ಮಾಡುವಾಗಲೇ "ಹರ್ತಾಳ ಆದರೆ ಮುಂದಿನ ವಾರಕ್ಕೆ ಬದಲಿಸಿ ಕೊಡಬೇಕು" ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.

ಹಂತ 9: ಮುಗಿದ ಮೇಲೆ

ವಾರದೊಳಗೆ ಲೆಕ್ಕ ಮಂಡಿಸಿ. ಆಡಿದ ಮೇಲೆ ತಿದ್ದಿದ ಸ್ಕ್ರಿಪ್ಟುಗಳನ್ನು, ಬರೆದವರು ಒಪ್ಪಿದರೆ, ಬೈಂಡ್ ಮಾಡಿಸಿ ಎರಡು ಪ್ರತಿ ಊರಿನ ಗ್ರಂಥಾಲಯಕ್ಕೆ ಕೊಡಿ. ಮುಂದಿನ ಜೂನಿನಲ್ಲಿ ಹೊಸಬರು "ಏಕಾಂಕ ಹೇಗೆ ಬರೆಯುವುದು" ಅಂತ ಕೇಳಿದರೆ ಅದನ್ನೇ ತೋರಿಸಬಹುದು.

ಮತ್ತೆ, ನಾಟಕಕ್ಕೆ ಅಂತ ಮನೆಗಳಿಂದ ತಂದ ಸಾಮಾನು. ಮಣೆ, ಕಂಚಿನ ದೀಪ, ಅಜ್ಜನ ಕೋಲು, ಹಳೆ ರೇಡಿಯೋ. ಅವಕ್ಕೆ ತರುವಾಗಲೇ ಮನೆಯ ಹೆಸರು ಬರೆದ ಚೀಟಿ ಅಂಟಿಸಿ, ಆ ರಾತ್ರಿಯೇ ಪಟ್ಟಿ ಹಿಡಿದು ಎಣಿಸಿ, ಮರುದಿನ ಮಧ್ಯಾಹ್ನದೊಳಗೆ ಮುಟ್ಟಿಸಿ. ಈ ಕೆಲಸಕ್ಕೆ ಇಬ್ಬರನ್ನು ಮೊದಲೇ ನೇಮಿಸಿ, ನಟರನ್ನಲ್ಲ. ಅವರು ಆಗ ಮಲಗಿರುತ್ತಾರೆ.